ಲಕ್ಷದ್ವೀಪದ ಪಿ. ಎಂ. ಸಯೀದ್: ಹತ್ತು ಗೆಲುವು, 71 ಮತಗಳ ಸೋಲು

ಮತದಾರರ ಸಂಖ್ಯೆಯಲ್ಲಿ ದೇಶದ ಅತ್ಯಂತ ಚಿಕ್ಕ ಲೋಕಸಭಾ ಕ್ಷೇತ್ರವಾದ ಲಕ್ಷದ್ವೀಪದಿಂದ ಪಿ. ಎಂ. ಸಯೀದ್ ಅವರು 1967ರಿಂದ 1999ರವರೆಗಿನ ಹತ್ತು ಚುನಾವಣೆಗಳನ್ನು ಒಂದರ ಹಿಂದೊಂದರಂತೆ ಗೆದ್ದರು. ಈ ದಾಖಲೆಯ ಮಾತು ಬಂದಾಗಲೆಲ್ಲ, ಅಂಗೈಯಗಲದ ಕ್ಷೇತ್ರ, ಅಲ್ಲಿ ಗೆಲ್ಲುವುದೇನು ಮಹಾ ಎಂದು ಹಗುರವಾಗಿ ಆಡುವವರಿದ್ದಾರೆ. ನನಗೆ ಇದರ ವಿರುದ್ಧವೇ ನಿಜವೆನಿಸುತ್ತದೆ. ಹತ್ತು ಹದಿನೈದು ಲಕ್ಷ ಮತದಾರರ ಕ್ಷೇತ್ರದಲ್ಲಿ ಅಭ್ಯರ್ಥಿಯ ಮುಖವನ್ನೇ ನೋಡದೆ ಪಕ್ಷದ ಗುರುತಿಗೆ ಮತ ಹಾಕುವವರೇ ಹೆಚ್ಚು. ಮತದಾರರೆಲ್ಲ ಕೆಲವು ಹತ್ತು ಸಾವಿರದಷ್ಟಿರುವಲ್ಲಿ ಆ ಮರೆ ಇರುವುದಿಲ್ಲ. ಪ್ರತಿಯೊಂದು ಮನೆತನಕ್ಕೂ ಅಭ್ಯರ್ಥಿಯ ಮೇಲೆ ಒಂದು ಅಭಿಪ್ರಾಯವಿರುತ್ತದೆ, ಮತ್ತು ಮುನಿಸಿಕೊಂಡ ಒಂದೆರಡು ತರವಾಡುಗಳು, ಅಂದರೆ ಕೂಡು ಮನೆತನಗಳು, ಫಲಿತಾಂಶವನ್ನೇ ಬದಲಿಸಬಲ್ಲವು.

ಸಯೀದ್ ಹುಟ್ಟಿದ್ದು 1941ರ ಮೇ 10ರಂದು, ಆಂದ್ರೋತ್ ದ್ವೀಪದಲ್ಲಿ. ಜನವಸತಿಯಿರುವ ದ್ವೀಪಗಳ ಪೈಕಿ ವಿಸ್ತೀರ್ಣದಲ್ಲಿ ದೊಡ್ಡದೆನಿಸಿದ ಅದು ಐದು ಚದರ ಕಿಲೋಮೀಟರಿನಷ್ಟೂ ಇಲ್ಲ. ಕಾಲೇಜು ಓದಲು ಅವರು ಬಂದದ್ದು ಮಂಗಳೂರಿನ ಸರ್ಕಾರಿ ಕಾಲೇಜಿಗೆ, ಆಮೇಲೆ ಕಾನೂನು ಕಲಿತದ್ದು ಮುಂಬಯಿಯ ಸಿದ್ಧಾರ್ಥ ಕಾಲೇಜಿನಲ್ಲಿ. ದ್ವೀಪದ ಹುಡುಗನೊಬ್ಬ ಮಂಗಳೂರಿಗೆ ಬಂದನೆಂಬುದು ಆಗಿನ ಕಾಲಕ್ಕೆ ಅಚ್ಚರಿಯ ಸಂಗತಿಯೇನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್ ಮತ್ತು ಬಿತ್ರಾ, ಅಂದರೆ ಅಮಿನ್‌ದೀವಿ ಎಂದು ಕರೆಯಲಾಗುತ್ತಿದ್ದ ಉತ್ತರದ ದ್ವೀಪಗಳು, ಟಿಪ್ಪುವಿನ ಪತನದ ನಂತರ ಕಂಪನಿ ಸರ್ಕಾರದ ಕೈಸೇರಿ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಒಳಪಟ್ಟಿದ್ದವು. ದ್ವೀಪದವರು ತಂದ ತೆಂಗಿನ ನಾರಿನ ಹುರಿಯೂ ಕೊಬ್ಬರಿಯೂ ಮಂಗಳೂರಿನಲ್ಲಿ ಇಳಿಯುತ್ತಿದ್ದವು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಹಳೆ ಬಂದರಿನ ದಕ್ಕೆಯಿಂದ ಮಂಜಿಗಳೆಂಬ ಸರಕಿನ ಹಡಗುಗಳು ಇಂದಿಗೂ ತರಕಾರಿಯನ್ನೂ ಕಟ್ಟಡ ಸಾಮಗ್ರಿಯನ್ನೂ ಹೊತ್ತು ಹೋಗುವುದು ಆ ಹಳೆಯ ನಂಟಿನ ಮುಂದುವರಿಕೆಯೇ ಆಗಿದೆ. ಸಯೀದರ ಆಂದ್ರೋತ್ ಮಾತ್ರ ಕಣ್ಣೂರಿನ ಅಲಿ ರಾಜರ ಕಡೆಯದು, ನಂತರ ಮಲಬಾರಿಗೆ ಸೇರಿದ್ದು. ಕರಾವಳಿಯ ನಾವು ಇಷ್ಟು ಹತ್ತಿರದ ಚರಿತ್ರೆಯನ್ನು ಇಷ್ಟು ಬೇಗ ಮರೆತದ್ದು ಹೇಗೆಂದು ನನಗೆ ಆಗಾಗ ಅನಿಸುವುದುಂಟು.

ಎರಡೂ ಗುಂಪಿನ ದ್ವೀಪಗಳನ್ನು ಮಿನಿಕಾಯ್ ಜೊತೆ ಸೇರಿಸಿ 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವನ್ನು ರಚಿಸಲಾಯಿತು. ಮೊದಲ ಹತ್ತು ವರ್ಷ ಇಲ್ಲಿನ ಲೋಕಸಭಾ ಸದಸ್ಯರನ್ನು ರಾಷ್ಟ್ರಪತಿಗಳು ನಾಮಕರಣ ಮಾಡುತ್ತಿದ್ದರು. ಜನರು ನೇರವಾಗಿ ಮತ ಹಾಕಿದ ಮೊದಲ ಚುನಾವಣೆ 1967ರದು, ಅದರಲ್ಲಿ ಪಕ್ಷೇತರರಾಗಿ ನಿಂತು ಗೆದ್ದವರೇ ಸಯೀದ್. ಲೋಕಸಭೆಗೆ ಸ್ಪರ್ಧಿಸಲು 25 ವರ್ಷ ತುಂಬಿರಬೇಕೆಂಬ ನಿಯಮವಿದೆ. ಅವರಿಗೆ ಅಷ್ಟು ತುಂಬಿ ಇನ್ನೂ ಒಂದು ವರ್ಷವಾಗಿರಲಿಲ್ಲ. 1971ರಲ್ಲಿ ಕಾಂಗ್ರೆಸ್ಸಿನಿಂದ ನಿಂತಾಗ ಎದುರಾಳಿಯೇ ಇಲ್ಲದೆ ಅವಿರೋಧವಾಗಿ ಆಯ್ಕೆಯಾದರು.

ಲಕ್ಷದ್ವೀಪಕ್ಕೆ ವಿಧಾನಸಭೆಯಿಲ್ಲ ಎಂಬುದನ್ನು ಮರೆತರೆ ಈ ರಾಜಕಾರಣಿಯ ಬದುಕು ಅರ್ಥವಾಗುವುದಿಲ್ಲ. ಆಡಳಿತವೆಲ್ಲ ಕೇಂದ್ರ ಸರ್ಕಾರ ನೇಮಿಸುವ ಆಡಳಿತಾಧಿಕಾರಿಯದು. ಶಾಸಕರಿಲ್ಲ, ಮಂತ್ರಿಗಳಿಲ್ಲ, ದ್ವೀಪ ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದೂ 1990ರ ದಶಕದ ಕೊನೆಯಲ್ಲಿ. ಅಲ್ಲಿಯವರೆಗೆ ಹಡಗಿನ ವೇಳಾಪಟ್ಟಿಯಿಂದ ಹಿಡಿದು ಡೀಸೆಲ್ ಪೂರೈಕೆ, ಶಾಲೆಗೆ ಮೇಷ್ಟ್ರು, ಕಡಲು ಮುನಿದ ಮಳೆಗಾಲದಲ್ಲಿ ರೋಗಿಯನ್ನು ಕೊಚ್ಚಿಗೆ ಸಾಗಿಸುವವರೆಗೆ ಯಾವ ದೂರಿದ್ದರೂ ಜನ ತಾವೇ ಆರಿಸಿದ ಒಬ್ಬನ ಬಳಿ ಹೋಗಬೇಕೆಂದರೆ ಅದು ಸಂಸದರ ಬಳಿಗೇ. ಹೀಗಾಗಿ ಸಯೀದ್ ಏಕಕಾಲಕ್ಕೆ ವಾರ್ಡ್ ಸದಸ್ಯರೂ ಶಾಸಕರೂ ಸಂಸದರೂ ಆಗಿದ್ದರು ಎನ್ನಬಹುದು. ಇದು ಅವರ ಬಲವೂ ಹೌದು, ದ್ವೀಪದ ದೌರ್ಬಲ್ಯವೂ ಹೌದು. ಒಬ್ಬನೇ ಮನುಷ್ಯ ಮೂರು ದಶಕಕ್ಕೂ ಹೆಚ್ಚು ಕಾಲ ದೆಹಲಿಯ ಬಾಗಿಲಾಗಿ ನಿಂತರೆ ಆ ಬಾಗಿಲನ್ನು ಬಿಟ್ಟು ಹೋಗುವ ದಾರಿ ಬೇರೆಯವರಿಗೆ ಸಿಗುವುದು ಕಷ್ಟ.

ಜನ ಆರಿಸುತ್ತಿದ್ದುದು ಪಕ್ಷವನ್ನಲ್ಲ, ಇವರನ್ನೇ ಎನ್ನಲು ಬಲವಾದ ಆಧಾರವಿದೆ. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಅವರು ಅದೇ ಪಕ್ಷದಿಂದ ಗೆದ್ದರು. ಪಕ್ಷ ಒಡೆದಾಗ ಇಂದಿರಾ ಗಾಂಧಿಯವರ ಬಣಕ್ಕೆ ಹೋಗದೆ ಅರಸು ಕಾಂಗ್ರೆಸ್ಸಿನಲ್ಲಿ ಗುರುತಿಸಿಕೊಂಡರು. ಹೌದು, ನಮ್ಮ ದೇವರಾಜ ಅರಸರ ಹೆಸರಿನ ಆ ಪಕ್ಷವೇ. 1980ರಲ್ಲಿ ದೇಶದುದ್ದಕ್ಕೂ ಇಂದಿರಾ ಅಲೆ ಎದ್ದು, ಸ್ವತಃ ಅರಸರ ಕರ್ನಾಟಕದಲ್ಲೇ ಆ ಪಕ್ಷ ಕೊಚ್ಚಿಹೋದರೂ, ಅರಬ್ಬೀ ಸಮುದ್ರದ ನಡುವಿನ ಈ ಕ್ಷೇತ್ರದಲ್ಲಿ ಅದೇ ಪಕ್ಷದ ಸಯೀದ್ ಗೆದ್ದರು. ಮುಂದೆ ಮತ್ತೆ ಕಾಂಗ್ರೆಸ್ಸಿಗೆ ಮರಳಿದಾಗಲೂ ಮತದಾರರು ಅವರನ್ನು ಕೈಬಿಡಲಿಲ್ಲ.

ದೆಹಲಿಯಲ್ಲಿ ಅವರು ಏರಿದ ಮೆಟ್ಟಿಲುಗಳನ್ನು ವಿವರವಾಗಿ ಹೇಳುವುದು ಬೇಡ. 1990ರ ದಶಕದಲ್ಲಿ ನರಸಿಂಹ ರಾಯರ ಸರ್ಕಾರದಲ್ಲಿ ಗೃಹ ಖಾತೆಯ, ನಂತರ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯ ಸಚಿವರಾಗಿದ್ದರು. 1998ರ ಡಿಸೆಂಬರಿನಲ್ಲಿ ಲೋಕಸಭೆಯ ಉಪ ಸ್ಪೀಕರ್ ಆದರು, 1999ರ ಚುನಾವಣೆಯ ನಂತರ ಮತ್ತೆ ಅದೇ ಸ್ಥಾನಕ್ಕೆ ಬಂದರು. 2002ರ ಮಾರ್ಚ್ 3ರಂದು ಸ್ಪೀಕರ್ ಜಿ. ಎಂ. ಸಿ. ಬಾಲಯೋಗಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ ಮೇಲೆ, ಮೇ ತಿಂಗಳಲ್ಲಿ ಮನೋಹರ ಜೋಶಿ ಆಯ್ಕೆಯಾಗುವವರೆಗೆ ಸದನವನ್ನು ನಡೆಸುವ ಹೊಣೆ ಇವರ ಮೇಲೇ ಬಿತ್ತು. ಗುಜರಾತಿನ ಹಿಂಸಾಚಾರದ ಬಗ್ಗೆ ಸದನ ಕುದಿಯುತ್ತಿದ್ದ ವಾರಗಳವು. ಒಂದು ದೊಡ್ಡ ಗ್ರಾಮ ಪಂಚಾಯಿತಿಗೆ ಸಾಲುವಷ್ಟು ಮತಗಳಿಂದ ಆರಿಸಿಬಂದ ವಿರೋಧ ಪಕ್ಷದ ಸದಸ್ಯರೊಬ್ಬರು ಆ ಪೀಠದಲ್ಲಿ ಕುಳಿತಿದ್ದರು ಎಂಬುದು ನಮ್ಮ ಸಂಸದೀಯ ವ್ಯವಸ್ಥೆಯ ಬಗ್ಗೆ ನನಗಿರುವ ಅಲ್ಪಸ್ವಲ್ಪ ಹೆಮ್ಮೆಗೆ ಒಂದು ಕಾರಣ.

2004ರಲ್ಲಿ ಕಾಂಗ್ರೆಸ್ ದೆಹಲಿಯ ಅಧಿಕಾರಕ್ಕೆ ಮರಳಿತು, ಸಯೀದ್ ಸೋತರು. ಸಂಯುಕ್ತ ಜನತಾದಳದ ಪಿ. ಪೂಕುಂಞಿ ಕೋಯ ಅವರಿಗೆ 15,597 ಮತ, ಸಯೀದರಿಗೆ 15,526. ಅಂತರ 71. ಇದನ್ನು ಆಕಸ್ಮಿಕವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದ್ವೀಪದ ರಾಜಕೀಯವೆಂದರೆ ಬಹುಕಾಲ ಸಯೀದರ ಪರ ಅಥವಾ ಸಯೀದರ ವಿರುದ್ಧ ಎಂಬ ಎರಡೇ ಪಾಳೆಯ. ಇಷ್ಟು ವರ್ಷ ಒಬ್ಬನನ್ನೇ ಕೇಳಿಕೊಂಡು ಬಂದ ಊರಿನಲ್ಲಿ ಕೆಲಸವಾಗದೆ ಹಿಂದಿರುಗಿದವರ ಲೆಕ್ಕವೂ ವರ್ಷದಿಂದ ವರ್ಷಕ್ಕೆ ಬೆಳೆಯದೆ ಇರುತ್ತದೆಯೇ?

ಸೋತರೂ ಮನಮೋಹನ್ ಸಿಂಗ್ ಅವರ ಸಂಪುಟದಲ್ಲಿ ಅವರಿಗೆ ಇಂಧನ ಖಾತೆ ದೊರೆಯಿತು, ದೆಹಲಿಯಿಂದ ರಾಜ್ಯಸಭೆಗೆ ಆಯ್ಕೆಯಾದರು. ದೊಡ್ಡ ಗ್ರಿಡ್ಡಿನ ತಂತಿಯೇ ತಲುಪದ, ಮುಖ್ಯಭೂಮಿಯಿಂದ ಡೀಸೆಲ್ ತಂದು ಜನರೇಟರ್ ಓಡಿಸಿ ದೀಪ ಬೆಳಗಿಸಿಕೊಳ್ಳುವ ದ್ವೀಪದವರೇ ಇಡೀ ದೇಶದ ವಿದ್ಯುತ್ ಮಂತ್ರಿಯಾದರು. ಅವರ ಅವಧಿಯಲ್ಲೇ, 2005ರ ಫೆಬ್ರವರಿಯಲ್ಲಿ ರಾಷ್ಟ್ರೀಯ ವಿದ್ಯುತ್ ನೀತಿ ಪ್ರಕಟವಾಯಿತು, ಏಪ್ರಿಲಿನಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆ ಆರಂಭವಾಯಿತು. ಅದೇ ವರ್ಷದ ಡಿಸೆಂಬರ್ 18ರಂದು, ಸಚಿವರಾಗಿದ್ದಾಗಲೇ, ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ನಿಧನರಾದರು.

2009ರಲ್ಲಿ ಅವರ ಮಗ ಹಮ್ದುಲ್ಲಾ ಸಯೀದ್ ಇಪ್ಪತ್ತರ ಹರೆಯದಲ್ಲೇ ಅದೇ ಕ್ಷೇತ್ರದಿಂದ ಕಾಂಗ್ರೆಸ್ ಸಂಸದರಾದರು. ವಂಶದ ಹೆಸರು ಅಲ್ಲಿ ಸಾಕಾಗುತ್ತದೆ ಎಂದುಕೊಳ್ಳುವಷ್ಟರಲ್ಲಿ, 2014 ಮತ್ತು 2019ರಲ್ಲಿ ಎನ್‌ಸಿಪಿಯ ಮಹಮ್ಮದ್ ಫೈಜಲ್ ಅವರೆದುರು ಅವರು ಸೋತರು. 2024ರಲ್ಲಿ ಮತ್ತೆ ಗೆದ್ದರು. ತಂದೆಗೆ ಸಿಕ್ಕಂತೆ ಹತ್ತು ಸಲದ ನಂಬಿಕೆಯನ್ನು ದ್ವೀಪದ ಮತದಾರರು ಆಮೇಲೆ ಯಾರಿಗೂ ಕೊಟ್ಟಿಲ್ಲ.