ಕಪ್ ಬಿಡ್ತಿದೆ ಅಂದ್ಕೊಂಡೆ, ಎಳೆದುಕೊಳ್ತಿದ್ದದ್ದು ಬೋಲ್ಟು

ಹೋದ ವಾರ ಸಂಜೆ ಏಳರ ಹೊತ್ತಿಗೆ, ಆವರಗೆರೆ ಕಡೆಯಿಂದ ಹಾಲು ತರುವವರ ಸೈಕಲ್ ಓವರಾಯಿಲ್‌ಗೆ ಬಿಚ್ಚಿ ಮಲಗಿತ್ತು. ಎರಡು ಪೆಡಲ್ ತೋಳುಗಳನ್ನು (ಕ್ರ್ಯಾಂಕ್) ಸೇರಿಸುವ ಆಕ್ಸಲ್, ಅದು ತಿರುಗುವ ಬಾಲ್ಸ್, ಬಾಲ್ಸ್ ಕೂರುವ ಎಡಗಡೆ ಕಪ್ ಎಲ್ಲ ಸೀಮೆಎಣ್ಣೆ ತಟ್ಟೆಯಲ್ಲಿ. ಬಲಗಡೆ ಕಪ್ಪಿನಲ್ಲಿ ಬಾಲ್ ಓಡುವ ದಾರಿ ಗುಂಡಿ ಬಿದ್ದಿತ್ತು. ಹಾಲಿನ ಕ್ಯಾನ್ ಹೊರುವ ಸೈಕಲ್‌ಗಳಲ್ಲಿ ಇದು ಬೇಗ ಆಗುತ್ತೆ: ಕ್ಯಾನ್ ತೊಳೆದ ನೀರು, ಮಳೆನೀರು ಸೀಟ್ ಪೈಪಿನೊಳಗೆ ಇಳಿದು ಶೆಲ್‌ನಲ್ಲಿ, ಅಂದರೆ ಕಪ್‌ಗಳು ಕೂರುವ ಫ್ರೇಮಿನ ತಳದ ಅಡ್ಡ ಪೈಪಿನಲ್ಲಿ, ನಿಲ್ಲುತ್ತೆ, ಗ್ರೀಸ್ ಕರಿನೀರಾಗುತ್ತೆ, ಕಪ್ಪಿನ ಥ್ರೆಡ್ ತುಕ್ಕಿಗೆ ಅಂಟಿಕೊಳ್ಳುತ್ತೆ. ಬೆಳಗಿನ ಜಾವ ನಾಲ್ಕಕ್ಕೆ ಆ ಸೈಕಲ್ ರಸ್ತೆಯಲ್ಲಿರಬೇಕು. ಬಲಗಡೆ ಕಪ್ ಅವತ್ತೇ ಬಿಚ್ಚಬೇಕು.

ಕಪ್ ಪಾನಾ ತರಿಸಿ ಅಂತ ಮಾಲೀಕರಿಗೆ ಎರಡು ವರ್ಷದಿಂದ ಹೇಳ್ತಾನೇ ಇದ್ದೀವಿ. “ಸುತ್ತಿಗೆ ಐತಿ, ಉಳಿ ಐತಿ, ಇನ್ನೇನು ಬೇಕು?” ಅನ್ನೋದೇ ಉತ್ತರ. ಆ ಕಪ್ಪಿನ ಅಂಚು ತೆಳು. ಸಾದಾ ಪಾನಾ ಜಾರುತ್ತೆ, ಉಳಿ ಇಟ್ಟು ಹೊಡೆದರೆ ಅಂಚು ಚಕ್ಕೆ ಏಳುತ್ತೆ. ಒಮ್ಮೆ ಅಂಚು ಹಾಳಾಯಿತೆಂದರೆ ಆಮೇಲೆ ನಿಜವಾದ ಕಪ್ ಪಾನಾ ತಂದರೂ ಹಿಡಿಯಲು ಜಾಗ ಇರಲ್ಲ. ಇದನ್ನು ಮಾಲೀಕರು ಒಪ್ಪಲ್ಲ, ಯಾಕಂದರೆ ಚಕ್ಕೆ ಎದ್ದ ಕಪ್ಪಿನ ಮುಂದೆ ಕೂರುವವರು ನಾವು.

ಹಾಗಾಗಿ ಬೋಲ್ಟಿನ ಟೂಲ್ ಮಾಡಿದೆವು. ಇದರ ಲೆಕ್ಕ ಚೆಂದ ಇದೆ. ನಮ್ಮ ಸೈಕಲ್‌ಗಳ ಬಲಗಡೆ ಕಪ್ ಎಡಮರೆ ಥ್ರೆಡ್, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತೆ. ಸಾದಾ ಬೋಲ್ಟ್ ಅದೇ ದಿಕ್ಕಿಗೆ ಬಿಗಿಯಾಗುತ್ತೆ. ಕಪ್ಪಿನ ತೂತಿನೊಳಗೆ ಬೋಲ್ಟ್ ತೂರಿಸಿ, ಶೆಲ್ ಒಳಗಡೆ ವಾಷರ್, ನಟ್ ಹಾಕಿ, ಎಡಗಡೆಯಿಂದ ಸಾಕೆಟ್‌ನಲ್ಲಿ ನಟ್ ಹಿಡಿದು ಬಿಗಿ ಮಾಡಬೇಕು. ಆಮೇಲೆ ಸಾಕೆಟ್ ತೆಗೆದು ಹೊರಗಿನ ತಲೆಯನ್ನು ತಿರುಗಿಸಿದರೆ ಬೋಲ್ಟ್ ಕಪ್ಪನ್ನು ಕಚ್ಚಿಕೊಂಡು ಜೊತೆಗೆ ಎಳೆಯುತ್ತೆ. ಎಷ್ಟು ಜೋರು ಹಾಕುತ್ತೀವೋ ಹಿಡಿತ ಅಷ್ಟೇ ಗಟ್ಟಿಯಾಗುತ್ತೆ, ಜಾರಲ್ಲ.

ತಪ್ಪಿದ್ದು ಬೋಲ್ಟಿನ ಆಯ್ಕೆಯಲ್ಲಿ. ಡಬ್ಬದಲ್ಲಿ ಕೈಗೆ ಸಿಕ್ಕಿದ್ದು 10 ಎಂ.ಎಂ. ಬೋಲ್ಟ್, ತಲೆಯ ಮೇಲೆ 4.6 ಅಂತ ಇತ್ತು. ಎರಡು ದಪ್ಪ ವಾಷರ್ ಹಾಕಿ, 17ರ ರಿಂಗ್ ಪಾನಾಗೆ ಮೂರಡಿ ಪೈಪ್ ಸಿಕ್ಕಿಸಿದೆ. ಹುಡುಗ ಫ್ರೇಮ್ ಒತ್ತಿ ಹಿಡಿದಿದ್ದ. ಮೊದಲು ಗಟ್ಟಿ. ಆಮೇಲೆ ಪೈಪ್ ನಿಧಾನಕ್ಕೆ, ಮೆತ್ತಗೆ ಬರತೊಡಗಿತು. ಬಿಡ್ತಿದೆ ಅಂದೆ. ಹುಡುಗನೂ “ಹೂಂ ಅಣ್ಣಾ, ಬರ್ತೈತಿ” ಅಂದ. ಕಾಲು ಸುತ್ತು ಹಾಗೇ ಬಂತು, ಇನ್ನೂ ಭಾರ ಹಾಕಿದೆ. ಟಪ್ ಅಂತ ತಲೆ ಕಿತ್ತು ಬಂತು. ಪೈಪ್ ಹುಡುಗನ ಕಿವಿ ಪಕ್ಕದಿಂದ ಹೋಗಿ ಗೋಡೆಗೆ ಬಡಿಯಿತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವನ ಕಿವಿ, ಕೆನ್ನೆ ಮುಟ್ಟಿ ನೋಡಿ, ನೀರು ಕುಡಿಸಿ, ಆಮೇಲೆ ಕಪ್ ನೋಡಿದೆ. ಕೂದಲೆಳೆಯಷ್ಟೂ ತಿರುಗಿರಲಿಲ್ಲ.

ಆ ಮೆತ್ತಗೆ ಬಂದದ್ದು ಕಪ್ಪಲ್ಲ, ಬೋಲ್ಟಿನ ಕುತ್ತಿಗೆ ಎಳೆದುಕೊಂಡು ತಿರುಚಿಕೊಳ್ಳುತ್ತಿದ್ದದ್ದು. ತುಕ್ಕು ಹಿಡಿದ ಥ್ರೆಡ್ ಬಿಡುವಾಗ ಹಾಗೆ ಬರಲ್ಲ. ಕಟ್ ಅಂತ ಒಂದು ಸದ್ದು, ಒಂದು ಜಗ್ಗು, ಆಮೇಲೆ ಕಿರ್ ಅಂತ ಗರಗರ ತಿರುಗೋದು. ಬೆಲ್ಲದ ಪಾಕದ ಹಾಗೆ ನಿಧಾನಕ್ಕೆ ಬಂತೆಂದರೆ ಕಬ್ಬಿಣ ಸೋಲ್ತಿದೆ ಅಂತಲೇ ಲೆಕ್ಕ, ಅಲ್ಲೇ ಕೈ ಬಿಡಬೇಕು. ಕೈಯನ್ನು ನಂಬುವ ಬದಲು ಕಪ್ಪಿನಿಂದ ಶೆಲ್ ಮೇಲಕ್ಕೆ ಒಂದು ಸೀಮೆಸುಣ್ಣದ ಗೆರೆ ಎಳೆದಿದ್ದರೆ ಗೊತ್ತಾಗುತ್ತಿತ್ತು. ಪಾನಾ ತಿರುಗಿ ಗೆರೆ ಮುರಿಯದಿದ್ದರೆ ತಿರುಗಿದ್ದು ಬೋಲ್ಟು.

ಎಂಟಕ್ಕೆ ಮುಂಚೆ ಹಾರ್ಡ್‌ವೇರ್ ಅಂಗಡಿಗೆ ಓಡಿ 14 ಎಂ.ಎಂ. 8.8 ಬೋಲ್ಟ್, ಅದೇ ದರ್ಜೆಯ ನಟ್, 3 ಎಂ.ಎಂ. ದಪ್ಪದ ವಾಷರ್ ತಂದೆ. 4.6 ಅಂದರೆ 240 ಮೆಗಾಪ್ಯಾಸ್ಕಲ್ ಎಳೆತಕ್ಕೆ ಸೋಲುವ ಕಬ್ಬಿಣ, 8.8 ಅಂದರೆ 640. ದಪ್ಪ 10ರಿಂದ 14ಕ್ಕೆ ಹೋದರೆ ತಿರುಚನ್ನು ತಡೆಯುವ ಶಕ್ತಿ ಸುಮಾರು ಎರಡೂಮುಕ್ಕಾಲು ಪಟ್ಟು. ಎರಡೂ ಸೇರಿದರೆ ಏಳು ಪಟ್ಟು. ತೂತಿಗೆ 16 ಹೋದರೆ ಇನ್ನೂ ಒಳ್ಳೆಯದು, ಆದರೆ ಅದರ ನಟ್‌ಗೆ 24ರ ಸಾಕೆಟ್ ಬೇಕು, ದಪ್ಪ ಗೋಡೆಯ ಸಾಕೆಟ್ ಎಡಗಡೆ ಶೆಲ್ ಥ್ರೆಡ್‌ಗೆ ಉಜ್ಜುತ್ತೆ. ಮೊದಲು ಅಳೆದು ನೋಡಿ. ವಾಷರ್ ತೆಳು ಇದ್ದರೆ ತೂತಿನೊಳಕ್ಕೆ ಬಟ್ಟಲಿನ ಹಾಗೆ ಬಗ್ಗಿ ಹಿಡಿತ ಹೋಗುತ್ತೆ. ವಾಷರ್, ಕಪ್ ಎರಡರ ಮುಖಕ್ಕೂ ಗ್ರೀಸ್ ಇರಬಾರದು, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಬೇಕು. ಬೋಲ್ಟಿನ ಥ್ರೆಡ್‌ಗೆ ಮಾತ್ರ ಒಂದು ಹನಿ ಎಣ್ಣೆ.

ಗೆರೆ ಎಳೆದು, ಹುಡುಗನನ್ನು ಪೈಪ್ ಹೋಗುವ ದಾರಿಯಿಂದ ಹಿಂದಕ್ಕೆ ಸರಿಸಿ, ಫ್ರೇಮನ್ನು ಬೆಂಚಿಗೆ ಹಗ್ಗದಲ್ಲಿ ಕಟ್ಟಿ ಹಾಕಿದೆ. ಎರಡನೇ ಒತ್ತಿಗೆ ಕಟ್ ಅಂತು. ಗೆರೆ ಮುರಿದಿತ್ತು.

ಹೊಸ ಕಪ್ ಹಾಕುವಾಗ ಇದೇ ಟೂಲನ್ನು ಹೊರಗಿನಿಂದ ತಿರುಗಿಸಿದರೆ ಬೋಲ್ಟ್ ಸಡಿಲಾಗುತ್ತೆ, ಕಪ್ ನಿಂತಲ್ಲೇ ನಿಲ್ಲುತ್ತೆ. ಕಪ್ಪನ್ನು ಮೊದಲು ಕೈಯಲ್ಲೇ ಪೂರ್ತಿ ಕೂರಿಸಿ, ಆಮೇಲೆ ಎಡಗಡೆಯಿಂದ ಸಾಕೆಟ್‌ನಲ್ಲಿ ಒಳಗಿನ ನಟ್ಟನ್ನೇ ಬಲಕ್ಕೆ ತಿರುಗಿಸಬೇಕು. ಎಡಗಡೆ ನಿಂತು ಬಲಕ್ಕೆ ತಿರುಗಿಸಿದ್ದು ಬಲಗಡೆಯಿಂದ ನೋಡಿದರೆ ಎಡಕ್ಕೆ. ಕಪ್ಪೂ ಬಿಗಿ, ನಟ್ಟೂ ಬಿಗಿ. ಒಳಗಿನ ವಾಷರ್ ಬಾಲ್ ಓಡುವ ದಾರಿ ಮೇಲೆ ಕೂರುವಂತಿದ್ದರೆ ನಡುವೆ ಅಲ್ಯೂಮಿನಿಯಂ ತಗಡಿನ ಬಿಲ್ಲೆ ಇಡಿ, ಇಲ್ಲದಿದ್ದರೆ ಹೊಸ ಕಪ್ಪಿಗೆ ಹಾಕುವ ಮುಂಚೆಯೇ ಗೀರು.

ಕ್ರ್ಯಾಂಕನ್ನು ಆಕ್ಸಲ್‌ಗೆ ಕಚ್ಚಿಸುವ ಕಾಟರ್ ಪಿನ್ ತೆಗೆಯಲೂ ಸುತ್ತಿಗೆ ಬೇಡ ಅನ್ನೋದು ಈಗ ಅಂಗಡಿಯಲ್ಲಿ ನನ್ನ ಹಟ. ಪಿನ್ ಮೇಲೆ ಬಿದ್ದ ಏಟು ಆಕ್ಸಲ್ ಮೂಲಕ ಬಾಲ್ಸ್‌ಗೆ, ಬಾಲ್ಸ್‌ನಿಂದ ಕಪ್ಪಿಗೆ ಹೋಗುತ್ತೆ. ಗುಂಡಿ ಬೀಳಲು ಅದೂ ಒಂದು ಕಾರಣ. ನಾಲ್ಕಿಂಚಿನ ಸಿ-ಕ್ಲಾಂಪ್, ಅದರ ಒಂದು ತುದಿಗೆ 12 ಎಂ.ಎಂ. ಒಳಸುತ್ತಿನ, ಒಂದಿಂಚು ಉದ್ದದ ದಪ್ಪ ಪೈಪ್ ತುಂಡು ವೆಲ್ಡ್. ಪಿನ್ನಿನ ದಪ್ಪ ತುದಿ ಪೈಪಿನೊಳಕ್ಕೆ ಇಳಿಯುತ್ತೆ, ಸ್ಕ್ರೂ ಥ್ರೆಡ್ ತುದಿಯನ್ನು ಒತ್ತುತ್ತೆ. ಎರಕದ ಅಗ್ಗದ ಕ್ಲಾಂಪ್ ಬಾಯಿ ಬಿಡುತ್ತೆ, ಫೋರ್ಜ್ ಆದದ್ದೇ ಬೇಕು. ನಟ್ಟನ್ನು ಪೂರ್ತಿ ತೆಗೆಯದೆ ಥ್ರೆಡ್ ತುದಿಯ ಸಮಕ್ಕೆ ಬಿಟ್ಟರೆ ಥ್ರೆಡ್ ಅರಳಲ್ಲ. ಕ್ಲಾಂಪ್ ಇಲ್ಲದ ದಿನ ಸುತ್ತಿಗೆಯೇ ಗತಿ ಎಂದಾದರೆ, ಕ್ರ್ಯಾಂಕಿನಿಂದ ನೆಲದವರೆಗೆ ಸರಿಯಾದ ಉದ್ದಕ್ಕೆ ಕತ್ತರಿಸಿದ ಜಿ.ಐ. ಪೈಪ್ ಕೆಳಗಿಡಿ, ಏಟು ನೆಲಕ್ಕೆ ಹೋಗಲಿ.

ಉಳಿದವು ಸಣ್ಣವು. ಚಕ್ರದ ಮುರಿದ ಕಡ್ಡಿಯ ನಾಲ್ಕಿಂಚು ತುಂಡಿನ ಎರಡೂ ತುದಿ ಬಗ್ಗಿಸಿದರೆ ಚೈನ್ ಜೋಡಿಸುವಾಗ ಎರಡು ಬದಿ ಹಿಡಿದುಕೊಳ್ಳುವ ಕೊಕ್ಕೆ. ಗುಜರಿಯ ಹಳೆ ಫೋರ್ಕನ್ನು ವೈಸ್‌ಗೆ ತಲೆಕೆಳಗಾಗಿ ಕಚ್ಚಿಸಿದರೆ ಮುಂದಿನ ಚಕ್ರದ ಬೆಂಡ್ ನೋಡುವ ಸ್ಟ್ಯಾಂಡು. ಅದರ ತೋಳು ಸೊಟ್ಟ ಇದ್ದರೂ ಪರವಾಗಿಲ್ಲ, ಚಕ್ರ ತಿರುಗಿಸಿ ಹಾಕಿ ಎರಡು ಅಳತೆಯ ನಡುವನ್ನು ಹಿಡಿದರೆ ಸಾಕು.

ಹಾಲಿನ ಸೈಕಲ್ ಹತ್ತೂವರೆಗೆ ಮುಗಿಯಿತು. ಶೆಲ್‌ಗೆ ತಳದಲ್ಲಿ 4 ಎಂ.ಎಂ. ತೂತು ಕೊರೆದಿದ್ದೀನಿ, ನೀರು ಇಳಿದು ಹೋಗಲಿ ಅಂತ. ಹೊಸ ಕಾಟರ್ ಪಿನ್ ಕೂತುಕೊಳ್ಳುತ್ತಾ ಹೋದ ಹಾಗೆ ನಟ್ ಸಡಿಲಾಗುತ್ತೆ, ಅದಕ್ಕೆ ಮರುದಿನ ಹಾಲು ಕೊಟ್ಟು ವಾಪಸ್ ಹೋಗುವಾಗ ಅಂಗಡಿ ಹತ್ತಿರ ನಿಲ್ಲಿಸಲು ಹೇಳಿದ್ದೆ.