ಚದರ ಕಿಲೋಮೀಟರಿಗೆ 140 ಜನ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಾತು ಬಂದಾಗಲೆಲ್ಲ ಒಂದು ಅಂಕಿ ಕೇಳಿಬರುತ್ತದೆ. 2011ರ ಜನಗಣತಿ ಪ್ರಕಾರ ಇಲ್ಲಿ ಚದರ ಕಿಲೋಮೀಟರಿಗೆ 140 ಜನ. ರಾಜ್ಯದ ಸರಾಸರಿ 319. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ 140 ಜನ ಎಲ್ಲಿದ್ದಾರೆ ಅಂತ ಯಾರೂ ಕೇಳುವುದಿಲ್ಲ.

ನಾನು ಸಿದ್ದಾಪುರದವಳು. ಶಿಕ್ಷಕಿಯಾಗಿ ಜಾಸ್ತಿ ವರ್ಷ ಕಳೆದದ್ದು ಜೋಯಿಡಾ ತಾಲ್ಲೂಕಿನಲ್ಲಿ. 2011ರ ಫೆಬ್ರವರಿಯಲ್ಲಿ ಗಣತಿ ಡ್ಯೂಟಿಯೂ ಅಲ್ಲೇ ಬಿತ್ತು.

ಜಿಲ್ಲೆಯ ಜನಸಂಖ್ಯೆ ಆಗ 14,37,169. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಇರುವುದು ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಂಬ ಐದು ಕರಾವಳಿ ತಾಲ್ಲೂಕುಗಳಲ್ಲಿ. ಅಲ್ಲಿಯೂ ಬಹುಪಾಲು ಮನೆಗಳು ಸಮುದ್ರದ ಬದಿ, ಇಲ್ಲವೇ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ದಂಡೆಯ ಮೇಲೆ. ಘಟ್ಟ ಹತ್ತಿದರೆ ಶಿರಸಿಯಂಥ ಪೇಟೆ ಒಂದೆರಡು. ಉಳಿದದ್ದು ಕಾಡು.

ಜೋಯಿಡಾ ಸುಮಾರು 1,900 ಚದರ ಕಿಲೋಮೀಟರ್. ಜನ 52 ಸಾವಿರದಷ್ಟು. ಅಂದರೆ ಚದರ ಕಿಲೋಮೀಟರಿಗೆ 27–28. ತಾಲ್ಲೂಕಿನ ಹಳೇ ಕೇಂದ್ರ ಸೂಪಾ ಊರೇ ಕಾಳಿ ಅಣೆಕಟ್ಟೆಯ ನೀರಿನಡಿ ಹೋಯಿತು. ಕಾಡಿನ ದೊಡ್ಡ ಭಾಗ ಈಗ ಹುಲಿ ಸಂರಕ್ಷಿತ ಪ್ರದೇಶ.

ಗಣತಿಗೆಂದು ನನಗೆ ಕೊಟ್ಟ ಬ್ಲಾಕಿನಲ್ಲಿ ಕುಣಬಿ ಸಮುದಾಯದವರ ಮನೆಗಳೇ ಹೆಚ್ಚು, ಕಾಡಂಚಿಗೆ ಒಂದು ಗೌಳಿವಾಡ, ಅಂದರೆ ದನ-ಎಮ್ಮೆ ಸಾಕುವ ಗೌಳಿಗರ ಕೇರಿ. ಒಂದು ಕೊಳ್ಳದ ಗದ್ದೆಗೆ ನಾಲ್ಕು ಮನೆ. ಮುಂದಿನ ನಾಲ್ಕು ಮನೆ ಕಾಣಬೇಕಾದರೆ ಗುಡ್ಡ ಹತ್ತಿ ಇಳಿಯಬೇಕು. ಬೇಸಿಗೆಯ ಬಾಗಿಲಾದ್ದರಿಂದ ಹಳ್ಳ ದಾಟಲು ತೊಂದರೆಯಾಗಲಿಲ್ಲ. ಅದೇ ಹಳ್ಳವನ್ನು ಮಳೆಗಾಲದಲ್ಲಿ ಮರದ ಕಾಲುಸಂಕದ ಮೇಲೆ ಮಕ್ಕಳು ದಾಟಿ ಶಾಲೆಗೆ ಬರುತ್ತಿದ್ದರು. ಒಬ್ಬ ಅಜ್ಜಿ ಗೆಣಸು ಬೇಯಿಸಿ ಕೊಟ್ಟು, ‘ಅಕ್ಕೋರೇ, ನಮ್ಮನ್ನ ಬರ್ಕೊಂಡ್ರೆ ಇಲ್ಲಿಗೆ ನರ್ಸಮ್ಮ ಬರ್ತಾರಾ?’ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಆ ಪ್ರಶ್ನೆ ಇಟ್ಟುಕೊಂಡೇ ಆಮೇಲೆ ಲೆಕ್ಕ ಹಾಕಿದೆ. ನರ್ಸಮ್ಮ ಇರುವ ಆರೋಗ್ಯ ಉಪಕೇಂದ್ರಕ್ಕೆ ಬಯಲುಸೀಮೆಯಲ್ಲಿ 5,000 ಜನರ ಮಾನದಂಡ. ಗುಡ್ಡಗಾಡಿಗೆ ರಿಯಾಯಿತಿ ಕೊಟ್ಟು 3,000 ಮಾಡಿದ್ದಾರೆ. ಕೇಳಲು ಚೆನ್ನಾಗಿದೆ, ಅಲ್ವಾ? ರಾಜ್ಯದ ಸರಾಸರಿ ಸಾಂದ್ರತೆಯಲ್ಲಿ 5,000 ಜನ 16 ಚದರ ಕಿಲೋಮೀಟರಿನೊಳಗೆ ಸಿಗುತ್ತಾರೆ. ಜೋಯಿಡಾದಲ್ಲಿ 3,000 ಜನ ಸಿಗಬೇಕಾದರೆ ನೂರು ಚದರ ಕಿಲೋಮೀಟರಿಗೂ ಜಾಸ್ತಿ ಬೇಕು. ರಿಯಾಯಿತಿ ಸಿಕ್ಕ ಮೇಲೂ ಇಲ್ಲಿನ ನರ್ಸಮ್ಮನ ಪಾಲಿಗೆ ಸುಮಾರು ಏಳು ಪಟ್ಟು ದೊಡ್ಡ ನೆಲ, ಅದೂ ಬಸ್ಸಿಲ್ಲದ ನೆಲ. ಬಸ್ಸಿಗೂ ಇದೇ ಗತಿ. ಜನ ಕಡಿಮೆ ಅಂತ ಬಸ್ಸಿಲ್ಲ, ಬಸ್ಸಿಲ್ಲ ಅಂತ ಜನ ಊರು ಬಿಡುತ್ತಾರೆ.

ಪ್ರತಿನಿಧಿಗಳ ಲೆಕ್ಕವೂ ತಲೆ ಎಣಿಸಿಯೇ. ದಕ್ಷಿಣ ಕನ್ನಡ ವಿಸ್ತೀರ್ಣದಲ್ಲಿ ನಮ್ಮ ಅರ್ಧವೂ ಇಲ್ಲ. ಅಲ್ಲಿ ಎಂಟು ವಿಧಾನಸಭಾ ಕ್ಷೇತ್ರ, ನಮ್ಮಲ್ಲಿ ಆರು. ಜೋಯಿಡಾಕ್ಕೆ ಪ್ರತ್ಯೇಕ ಕ್ಷೇತ್ರವಿಲ್ಲ, ಹಳಿಯಾಳದೊಂದಿಗೆ ಸೇರಿದೆ. ಓಟಿನ ವಿಷಯದಲ್ಲಿ ತಲೆ ಎಣಿಸುವುದು ನ್ಯಾಯವೇ, ಅದನ್ನು ನಾನು ಒಪ್ಪುತ್ತೇನೆ. ಆದರೆ ಹೆರಿಗೆ ನೋವಿಗೂ ಜ್ವರಕ್ಕೂ ಅದೇ ಲೆಕ್ಕ ಹಾಕಬಾರದು.

ಮುಂದಿನ ಗಣತಿ 2027ಕ್ಕೆ, ಮೊಬೈಲ್ ಆ್ಯಪಿನಲ್ಲಿ. ಸಿಗ್ನಲ್ ಸಿಗದ ಕೊಳ್ಳಗಳಿಗೆ ಹೋಗುವ ಗಣತಿದಾರರಿಗೆ ಮೊದಲೇ ಸರಿಯಾದ ತರಬೇತಿ ಕೊಡಲಿ, ಒಂದು ಮನೆಯೂ ತಪ್ಪಬಾರದು. ಇನ್ನೊಂದು ಮಾತು. ಆಸ್ಪತ್ರೆ, ಬಸ್ಸು, ಶಾಲೆ ಎಷ್ಟು ದೂರ ಎಂದು ಗಣತಿಯವರು 2011ರಲ್ಲೇ ಹಳ್ಳಿವಾರು ಬರೆದಿದ್ದಾರೆ. ಜಿಲ್ಲಾ ಕೈಪಿಡಿಯಲ್ಲಿ ಅದು 5 ಕಿ.ಮೀ. ಒಳಗೆ, 5ರಿಂದ 10, 10ಕ್ಕೂ ಹೆಚ್ಚು ಎಂದು ಇದೆ. ಆದರೆ ಇಡೀ ಕಂದಾಯ ಗ್ರಾಮಕ್ಕೆ ಒಂದೇ ಅಳತೆ. ನಮ್ಮಲ್ಲಿ ಒಂದು ಗ್ರಾಮದ ಮಜರೆಗಳು, ಅಂದರೆ ಅದಕ್ಕೆ ಸೇರಿದ ಸಣ್ಣ ಸಣ್ಣ ಕೇರಿಗಳು, ಗುಡ್ಡದ ಆಚೆಗೊಂದು ಈಚೆಗೊಂದು ಇರುತ್ತವೆ. ಈ ಸಲ ಆ ದೂರವನ್ನು ಮಜರೆವಾರು ಬರೆದುಕೊಳ್ಳಲಿ. ಉಪಕೇಂದ್ರ ಎಲ್ಲಿ ಬೇಕು ಎಂದು ತೀರ್ಮಾನಿಸುವವರು ಜನಸಂಖ್ಯೆಯ ಪಕ್ಕದಲ್ಲಿ ಆ ಕಾಲಂ ಕೂಡ ನೋಡಲಿ.