ಮೊಹರು ಹಿಡಿಯದ ಅರವತ್ತು ಕಾರ್ಡು

ಅಂತೂ ಪೋಸ್ಟ್‌ಕಾರ್ಡಿನ ಮೇಲೆ ಅಂಚೆ ಮೊಹರು ನಿಂತಿತು! ಮುಂಬಯಿಯ ಜುಲೈ ತಿಂಗಳಲ್ಲಿ, ಬೆರಳಿಂದ ಉಜ್ಜಿದರೂ ತಾರೀಖು ಓದಲು ಬರುವ ಹಾಗೆ.

ತೊಂದರೆ ಶುರುವಾದದ್ದು ಪ್ರೆಸ್ಸಿನಲ್ಲಿ. ಎ6 ಅಳತೆ (ಎ4 ಹಾಳೆಯ ಕಾಲುಭಾಗ), 300 ಜಿಎಸ್‌ಎಂ ದಪ್ಪದ ನುಣುಪು ಆರ್ಟ್ ಕಾರ್ಡ್, ಲ್ಯಾಮಿನೇಷನ್ ಚಿತ್ರದ ಬದಿಗೆ ಮಾತ್ರ ಎಂದು ಬರೆದೇ ಕೊಟ್ಟಿತ್ತು. ಪ್ರೆಸ್ಸಿನವರು ವಿಸಿಟಿಂಗ್ ಕಾರ್ಡಿನ ರೂಢಿಯಂತೆ 60ಕ್ಕೂ ಎರಡೂ ಬದಿ ಪ್ಲಾಸ್ಟಿಕ್ ಹೊದಿಸಿ ಕೊಟ್ಟರು. ಪ್ಲಾಸ್ಟಿಕ್ ಪದರ ಶಾಯಿ ಕುಡಿಯುವುದಿಲ್ಲ, ಅಂಟಿನ ನೀರನ್ನೂ ಕುಡಿಯುವುದಿಲ್ಲ. ಮೊಹರು ಮೇಲೆಯೇ ತೇಲುತ್ತದೆ, ಸ್ಟಾಂಪು ಒಣಗಿದ ಮೇಲೆ ಸಿಪ್ಪೆಯಂತೆ ಏಳುತ್ತದೆ. ಎಲ್ಲಕ್ಕಿಂತ ಸಂಕಟ ಐಡಿಯದು, ಅಂದರೆ ಜಗತ್ತಿನ ಅಪರಿಚಿತರು ಪರಸ್ಪರ ಕಾರ್ಡು ಕಳಿಸುವ ಪೋಸ್ಟ್‌ಕ್ರಾಸಿಂಗ್ ಜಾಲತಾಣ ಪ್ರತಿ ಕಾರ್ಡಿಗೂ ಕೊಡುವ ಗುರುತು ಸಂಖ್ಯೆಯದು. ಅದು ಅಳಿಸಿದರೆ ಕಾರ್ಡು ಕೈಸೇರಿದರೂ ಪೋಸ್ಟ್‌ಕ್ರಾಸಿಂಗ್‌ನಲ್ಲಿ ನೋಂದಾಯಿಸುವುದು ಕಷ್ಟ, 60 ದಿನ ಕಳೆದರೆ ಕಾರ್ಡು ಅವಧಿ ಮೀರಿದ ಪಟ್ಟಿಗೆ ಹೋಗುತ್ತದೆ.

ಮಾರ್ಕರ್ ಪೆನ್ನು ವಿಳಾಸಕ್ಕೆ ಸಾಕಾಯಿತು, ಮೊಹರಿಗೆ ಏನೂ ಮಾಡಲಿಲ್ಲ. ಮರಳುಕಾಗದದಿಂದ ಮೂಲೆ ಉಜ್ಜಿದರೆ ಪದರ ಹರಿದು ಕಾಗದ ನಾರುನಾರಾಯಿತು. ಕೊನೆಗೆ ಉಳಿಸಿದ್ದು ಅಬ್ದುಲ್ ರೆಹಮಾನ್ ಸ್ಟ್ರೀಟಿನ ಎ4 ಸ್ಟಿಕ್ಕರ್ ಹಾಳೆ. ಕೇಳುವಾಗ ಹೊಳಪಿಲ್ಲದ್ದು ಎಂದು ಒತ್ತಿ ಹೇಳಬೇಕು, ಇಲ್ಲದಿದ್ದರೆ ಗ್ಲಾಸಿ ಕೈಗಿಡುತ್ತಾರೆ. ಅದನ್ನು ಕಾರ್ಡಿನ ಬರೆಯುವ ಬದಿಗೆ ಅಂಟಿಸಬೇಕು. ಒಂದು ಹಾಳೆಗೆ ನಾಲ್ಕು ತುಂಡು, 60 ಕಾರ್ಡಿಗೆ 15 ಹಾಳೆ. ಪ್ರತಿ ತುಂಡನ್ನೂ ಸುತ್ತ 2 ಮಿ.ಮೀ. ಕಿರಿದಾಗಿ ಕತ್ತರಿಸಿ. ಅಂಚಿಗೆ ಅಂಚು ಕೂಡಿಸಿದರೆ ಅಂಚೆ ಚೀಲದ ತಿಕ್ಕಾಟಕ್ಕೆ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ. ಮಧ್ಯದಿಂದ ಹೊರಕ್ಕೆ ಸ್ಕೇಲಿನಿಂದ ಒತ್ತಿ, ಒಂದು ರಾತ್ರಿ ದಪ್ಪ ನಿಘಂಟಿನ ಕೆಳಗಿಡಿ.

ಬರೆಯಲು ಬಾಲ್ ಪೆನ್ನೇ ಸರಿ. ಜೆಲ್ ಶಾಯಿ ಮಳೆಹನಿಗೆ ಹರಡುತ್ತದೆ. ಐಡಿಯನ್ನು ಅದೇ ಬದಿಯಲ್ಲಿ ಎರಡು ಜಾಗದಲ್ಲಿ ಬರೆಯಿರಿ. ಕೆಳಗಿನ 2 ಸೆಂ.ಮೀ. ಖಾಲಿ ಬಿಡಿ, ಅಮೆರಿಕದ ವಿಂಗಡಣಾ ಯಂತ್ರ ಬಾರ್‌ಕೋಡ್ ಹೊಡೆಯುವುದು ಅಲ್ಲಿಯೇ. ಮೊಹರನ್ನು ಕೌಂಟರಿನಲ್ಲೇ ಕೈಯಿಂದ ಹಾಕಿಸಿ, ಹತ್ತು ನಿಮಿಷ ಆರಲು ಬಿಟ್ಟು ಆಮೇಲೆ ಡಬ್ಬಿಗೆ ಹಾಕಿ. ಈ ತಾಳ್ಮೆಯೊಂದೇ ಅರ್ಧ ಕಾರ್ಡುಗಳನ್ನು ಕಾಪಾಡುತ್ತದೆ.

ಹಾಗಾದರೆ ಮುಂದಿನ ಸಲ ಒಂದೇ ಬದಿ ಲ್ಯಾಮಿನೇಷನ್ ಸಾಕೇ? ಇಲ್ಲಿ ಸಾಲದು. ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ, ಪ್ಲಾಸ್ಟಿಕ್ ಹಿಗ್ಗುವುದಿಲ್ಲ. ಕಾರ್ಡು ಚಿತ್ರದ ಕಡೆಗೆ ಹಪ್ಪಳದಂತೆ ಸುರುಳುತ್ತದೆ. ಚಿತ್ರದ ಬದಿ ಮಾತ್ರ ಕೋಟಿಂಗ್ ಇರುವ ಬೋರ್ಡು, ಅದರ ಮೇಲೆ ನೀರು ಬೆರೆತ ತೆಳು ವಾರ್ನಿಷ್ ಮಾತ್ರ, ಕಾಗದದ ಎಳೆ (ನಾರು ಸಾಗುವ ದಿಕ್ಕು) ಕಾರ್ಡಿನ ಉದ್ದಕ್ಕೆ: ಈ ಮೂರನ್ನೂ ಆರ್ಡರಿನಲ್ಲಿ ಬರೆಸಿಕೊಳ್ಳಬೇಕು. ಕಾಗದ ಹೆಚ್ಚು ಹಿಗ್ಗುವುದು ಎಳೆಗೆ ಅಡ್ಡಲಾಗಿ. ಅಡ್ಡಕ್ಕೆ ಇರುವುದು 10.5 ಸೆಂ.ಮೀ. ಮಾತ್ರ, ಹಾಗಾಗಿ ಬಾಗಿದರೂ ಕಡಿಮೆ ಬಾಗುತ್ತದೆ.

ಈ ಬೋರ್ಡಿಗೆ ಚಿತ್ರವೂ ನಿಶ್ಚಯವಾಗಿದೆ. ಜಾನ್ ಬೆಗ್ ವಿನ್ಯಾಸದ, 1913ರಲ್ಲಿ ಮುಗಿದ ಮುಂಬಯಿ ಜಿಪಿಒದ (ಪ್ರಧಾನ ಅಂಚೆ ಕಚೇರಿಯ) ಗುಮ್ಮಟಕ್ಕೆ ಮಾದರಿ ನಮ್ಮ ವಿಜಯಪುರದ ಗೋಲಗುಮ್ಮಟ. 1949ರ ಆರಾಣೆ ಸ್ಟಾಂಪಿನಲ್ಲಿ ಗೋಲಗುಮ್ಮಟವಿದೆ. ಆಣೆಯ ಸ್ಟಾಂಪು ಈಗ ಅಂಚೆಗೆ ನಡೆಯುವುದಿಲ್ಲವಾದ್ದರಿಂದ ಅದರಿಂದ ಹೊಸ ಮ್ಯಾಕ್ಸಿಮಮ್ ಕಾರ್ಡ್ (ಚಿತ್ರ, ಸ್ಟಾಂಪು, ಮೊಹರು ಮೂರೂ ಒಂದೇ ವಿಷಯಕ್ಕೆ ಹೊಂದುವ ಕಾರ್ಡು) ಆಗದು. ಬದಲಿಗೆ ಜೋಡಿ ಕಾರ್ಡು: ಗೋಲಗುಮ್ಮಟದ್ದನ್ನು ವಿಜಯಪುರದಿಂದ, ಜಿಪಿಒದ್ದನ್ನು ಇಲ್ಲಿಂದ, ಒಂದೇ ದಿನದ ಮೊಹರಿನೊಂದಿಗೆ ಒಂದೇ ವಿಳಾಸಕ್ಕೆ. ದಿನ ಅಕ್ಟೋಬರ್ 1. 1869ರಲ್ಲಿ ಆಸ್ಟ್ರಿಯಾ-ಹಂಗೇರಿ ಮೊದಲ ಪೋಸ್ಟ್‌ಕಾರ್ಡ್ ಹೊರಡಿಸಿದ್ದು ಅದೇ ದಿನ. ವಿಜಯಪುರದಲ್ಲಿ ಕಾರ್ಡು ಹಾಕಲು ಒಪ್ಪುವವರು ಬೇಕಾಗಿದ್ದಾರೆ.